ಮೂರನೆಯ ತಂತಿ ಎಲ್ಲಿಂದ?

ಕಾರ್ಖಾನೆಗಳಲ್ಲಿ ದುಡಿದು ಹಳೆಯದಾದ ಲೇತು, ಕೊರೆಯುವ ಯಂತ್ರ ಮೊದಲಾದವು ಹರಾಜಿನಲ್ಲಿ ಅಗ್ಗವಾಗಿ ದೊರೆಯುವುದುಂಟು. ಕೊಂಡು ತಂದವನು ಮೋಟಾರಿನ ಮೇಲಿನ ಫಲಕವನ್ನು ಓದಿದಾಗಲೇ ತೊಡಕು ತಿಳಿಯುವುದು: ‘3 ಫೇಸು, 415 ವೋಲ್ಟು’. ಮನೆಗೆ ಬರುವುದಾದರೋ 230 ವೋಲ್ಟಿನ ಒಂದೇ ಫೇಸು. ಮೋಟಾರನ್ನು ಬದಲಿಸೋಣವೆಂದರೆ ಅದು ಅನೇಕ ವೇಳೆ ಯಂತ್ರದ ಒಡಲಿನೊಳಗೇ ಹುದುಗಿರುತ್ತದೆ. ಆ ಮೋಟಾರನ್ನೇ ಮನೆಯ ವಿದ್ಯುತ್ತಿನಿಂದ ನಡೆಸಬಹುದೆ? ನಡೆಸಬಹುದು. ಹೇಗೆಂಬುದನ್ನು ತಿಳಿಯಬೇಕಾದರೆ, ಅದು ತಾನಾಗಿ ಏಕೆ ನಡೆಯದೆಂಬುದನ್ನು ಮೊದಲು ನೋಡೋಣ.

ನಮಗೆ ದೊರೆಯುವ ವಿದ್ಯುತ್ಪ್ರವಾಹವು ಸೆಕೆಂಡಿಗೆ 50 ಆವರ್ತಗಳಂತೆ ಹಿಂದೆಮುಂದೆ ಹರಿಯುತ್ತದಷ್ಟೆ. ಮೂರು ಫೇಸಿನ ಏರ್ಪಾಟಿನಲ್ಲಿ ಮೂರು ತಂತಿಗಳಲ್ಲಿಯೂ ಇಂಥದೇ ಪ್ರವಾಹ; ಆದರೆ ಒಂದರ ಉಬ್ಬರಕ್ಕೂ ಮುಂದಿನದರ ಉಬ್ಬರಕ್ಕೂ ಆವರ್ತದ ಮೂರರಲ್ಲೊಂದು ಭಾಗದಷ್ಟು ಅಂತರ. ಮೋಟಾರಿನ ಸ್ಥಿರಭಾಗದಲ್ಲಿ ವೃತ್ತಾಕಾರವಾಗಿ ಜೋಡಿಸಿದ ಸುರುಳಿಗಳು ಸರದಿಯಂತೆ ಬಲಗೊಳ್ಳುವುದರಿಂದ ಅಲ್ಲಿಯ ಕಾಂತಕ್ಷೇತ್ರವು ಬುಗುರಿಯಂತೆ ಸುತ್ತುತ್ತದೆ. ಒಳಗಿನ ತಿರುಗಣೆ ಅದನ್ನು ಹಿಂಬಾಲಿಸುತ್ತದೆ. ಇಟಲಿಯ ಗೆಲಿಲಿಯೊ ಫೆರಾರಿಸ್, ಅಮೆರಿಕದಲ್ಲಿದ್ದ ನಿಕೊಲ ಟೆಸ್ಲ ಇವರಿಬ್ಬರೂ ಸ್ವತಂತ್ರವಾಗಿ ಈ ಸುತ್ತುವ ಕ್ಷೇತ್ರದ ತತ್ತ್ವವನ್ನು 1888ರಲ್ಲಿ ಲೋಕಕ್ಕೆ ತಿಳಿಸಿದರು.

ಒಂದೇ ಫೇಸನ್ನು ಕೊಟ್ಟರೆ ಕ್ಷೇತ್ರವು ಸುತ್ತುವುದಿಲ್ಲ, ಇದ್ದಲ್ಲಿಯೇ ಮಿಡಿಯುತ್ತದೆ. ಈ ಮಿಡಿತವನ್ನು ಎದುರುಬದುರಾಗಿ ಸುತ್ತುವ ಎರಡು ಸಮಬಲದ ಕ್ಷೇತ್ರಗಳ ಮೊತ್ತವೆಂದು ಭಾವಿಸಬಹುದು. ಒಂದು ಬಲಕ್ಕೆಳೆದರೆ ಇನ್ನೊಂದು ಎಡಕ್ಕೆಳೆಯುತ್ತದೆ. ಮೋಟಾರು ಹಗ್ಗಜಗ್ಗಾಟದ ಹಗ್ಗದಂತೆ ಗುಂಯ್‌ಗುಟ್ಟುತ್ತ ನಿಂತಲ್ಲೇ ನಿಲ್ಲುತ್ತದೆ. ಆಗ ಅದು ಸೆಳೆಯುವ ಪ್ರವಾಹ ವಾಡಿಕೆಗಿಂತ ಹಲವು ಪಟ್ಟು. ಕೂಡಲೇ ಸ್ವಿಚ್ಚು ಆರಿಸದಿದ್ದರೆ ಸುರುಳಿ ಸುಟ್ಟುಹೋಗುವುದು. ಆದರೆ ಯಾವುದಾದರೊಂದು ದಿಕ್ಕಿಗೆ ವೇಗ ದೊರಕಿತೋ, ಆ ದಿಕ್ಕಿನ ಎಳೆತವೇ ಮೇಲುಗೈಯಾಗಿ ಮೋಟಾರು ಓಡುತ್ತಲೇ ಇರುತ್ತದೆ. (ಹಗ್ಗ ಸುತ್ತಿ ಎಳೆದು ಹೊರಡಿಸಿದವರೂ ಉಂಟು. ಬೆರಳಿಗೇ ಕುತ್ತಾಗಬಲ್ಲ ಈ ಉಪಾಯವನ್ನು ನಾವು ಯಾರಿಗೂ ಹೇಳೆವು.)

ಆ ಮೊದಲ ನೂಕನ್ನು ಕೆಪ್ಯಾಸಿಟರಿನಿಂದ ಪಡೆಯಬಹುದು. ಅದರಲ್ಲಿ ಹರಿಯುವ ಪ್ರವಾಹ ವೋಲ್ಟೇಜಿಗಿಂತ ಮುಂದಾಗಿರುವುದರಿಂದ, ಮೋಟಾರಿನ ಎರಡು ತುದಿಗಳಿಗೆ ಮನೆಯ ತಂತಿಗಳನ್ನೂ ಮೂರನೆಯ ತುದಿಗೆ ಕೆಪ್ಯಾಸಿಟರಿನ ಮೂಲಕ ಅವುಗಳಲ್ಲೊಂದನ್ನೂ ಕೊಟ್ಟರೆ, ಮೂರನೆಯ ಫೇಸಿನ ನಕಲೊಂದು ಹುಟ್ಟುತ್ತದೆ. 230 ವೋಲ್ಟಿನಲ್ಲಿ ಕಿಲೊವಾಟಿಗೆ ಸುಮಾರು 70 ಮೈಕ್ರೊಫ್ಯಾರಡ್ ಎಂಬುದು ವಾಡಿಕೆಯ ಲೆಕ್ಕ. ಎರಡು ಅಶ್ವಶಕ್ತಿಯ, ಎಂದರೆ 1.5 ಕಿಲೊವಾಟಿನ ಮೋಟಾರಿಗೆ 105 ಆಯಿತು. ಆದರೆ ನಕಲು ನಕಲೇ. ಯಾವುದೋ ಒಂದು ಹೊರೆಗೆ ಸರಿಹೊಂದಿದ್ದು ಇನ್ನೊಂದಕ್ಕೆ ಹೊಂದದು. ದೊರೆಯುವ ಬಲ ಮೂರರಲ್ಲಿ ಎರಡು ಪಾಲು ಮಾತ್ರ. ಮೂರು ಫೇಸು ದಿನದ ಕೆಲವೇ ಗಂಟೆ ದೊರೆಯುವ ಹಳ್ಳಿಗಳಲ್ಲಿ ರೈತರು ಪಂಪುಗಳಿಗೆ ಕೆಪ್ಯಾಸಿಟರು ಕಟ್ಟುವುದು ಈ ತತ್ತ್ವದಿಂದಲೇ. ಅಲ್ಲಿ ಮೋಟಾರುಗಳು ಸುಡುವುದಕ್ಕೂ ಇದೊಂದು ಕಾರಣ.

ಇನ್ನೊಂದು ಎಚ್ಚರಿಕೆ. 415 ವೋಲ್ಟಿನ ಚಿಕ್ಕ ಮೋಟಾರುಗಳ ಸುರುಳಿಗಳನ್ನು ಸಾಮಾನ್ಯವಾಗಿ ‘ಸ್ಟಾರ್’ ರೀತಿಯಲ್ಲಿ ಕಟ್ಟಿರುತ್ತಾರೆ. ಒಂದೊಂದು ಸುರುಳಿಗೆ ಬೀಳುವುದು 415ನ್ನು 1.73ರಿಂದ ಭಾಗಿಸಿದಷ್ಟು, ಎಂದರೆ 240 ವೋಲ್ಟು. ಅವನ್ನೇ ‘ಡೆಲ್ಟ’ ರೀತಿಗೆ ತಿರುಗಿಸಿ ಕಟ್ಟಿದರೆ ಮನೆಯ ವೋಲ್ಟೇಜು ಸಾಕಾಗುತ್ತದೆ. ಇದಕ್ಕೆ ಸುರುಳಿಗಳ ಆರು ತುದಿಗಳೂ ಹೊರಕ್ಕೆ ಬಂದಿರಬೇಕು.

ಎಲ್ಲಕ್ಕಿಂತ ಸ್ವಾರಸ್ಯವಾದ ಉಪಾಯ ಬೇರೆಯದು. ಒಂದೇ ಫೇಸಿನಿಂದ ಓಡುತ್ತಿರುವ ಮೂರು ಫೇಸಿನ ಮೋಟಾರೊಂದರ ಬರಿದಾದ ಮೂರನೆಯ ತುದಿಯಲ್ಲಿ ವೋಲ್ಟೇಜನ್ನು ಅಳೆದರೆ, ಅದು ಸರಬರಾಜಿನ ವೋಲ್ಟೇಜಿಗಿಂತ ತುಸುವೇ ಕಡಮೆ! ಎಲ್ಲಿಂದ ಬಂದಿತು? ತಿರುಗಣೆಯು ವೇಗವಾಗಿ ಸುತ್ತುವಾಗ ಅದರಲ್ಲಿ ಪ್ರೇರಿತವಾದ ಪ್ರವಾಹಗಳು ವಿರುದ್ಧ ದಿಕ್ಕಿನ ಕ್ಷೇತ್ರವನ್ನು ಬಹುಮಟ್ಟಿಗೆ ಅಡಗಿಸಿಬಿಡುತ್ತವೆ. ಉಳಿದ ಕ್ಷೇತ್ರವು ಮೂರನೆಯ ಸುರುಳಿಯನ್ನೂ ಹಾಯ್ದುಹೋಗುತ್ತದೆ, ಅದೂ ತಕ್ಕ ಸಮಯಕ್ಕೆ. ಹೀಗೆ ಮೋಟಾರು ತನಗೆ ಕೊಡದಿದ್ದ ಫೇಸನ್ನು ತಾನೇ ಸೃಷ್ಟಿಸುತ್ತದೆ. ಯಾವ ಕೆಲಸವನ್ನೂ ಹಚ್ಚದೆ ಇಂಥದೊಂದು ಮೋಟಾರನ್ನು ಮೂಲೆಯಲ್ಲಿ ಸುಮ್ಮನೆ ಓಡಗೊಟ್ಟು, ಅದರ ಮೂರು ತುದಿಗಳಿಂದ ಲೇತಿಗೆ ತಂತಿ ಎಳೆದರಾಯಿತು. ಹೊರಡುವಾಗ ಮಾತ್ರ ಕೆಪ್ಯಾಸಿಟರು ಬೇಕು. ಲೇತಿನ ಮೋಟಾರಿಗಿಂತ ಇದು ಒಂದೂವರೆ ಪಟ್ಟಿನಷ್ಟು ದೊಡ್ಡದಿದ್ದರೆ ಒಳ್ಳೆಯದು. ದಿನವಿಡೀ ಗುಂಯ್‌ಗುಡುವ ಸದ್ದನ್ನು ಮನೆಯವರು ಸಹಿಸಬೇಕು.

ಇದು ಬಡವನ ತಂತ್ರವೆಂದು ವಾಚಕರು ಹಗುರಾಗಿ ಕಾಣಬಾರದು. ನಮ್ಮ ರೈಲುಮಾರ್ಗಗಳ ಮೇಲಿನ ತಂತಿಯಲ್ಲಿ 25,000 ವೋಲ್ಟಿನ ಒಂದೇ ಫೇಸು ಇರುತ್ತದೆ. ಡಬ್ಲ್ಯು.ಎ.ಎಂ.-4, ಡಬ್ಲ್ಯು.ಎ.ಜಿ.-5 ಮೊದಲಾದ ಎಂಜಿನುಗಳ ಗಾಳಿಯಂತ್ರಗಳನ್ನೂ ಕಂಪ್ರೆಸರುಗಳನ್ನೂ ನಡೆಸಲು ಬೇಕಾದ ಮೂರು ಫೇಸನ್ನು ಒದಗಿಸಿದ್ದು ಇಂಥದೇ ಸುತ್ತುವ ಯಂತ್ರ. ಇಟಲಿಯ ರಿಕಾರ್ಡೊ ಆರ್ನೊನ ಹೆಸರಿನಿಂದ ಅದನ್ನು ಆರ್ನೊ ಪರಿವರ್ತಕವೆಂದು ಕರೆಯುತ್ತಾರೆ.

ಈಗ ಕೈಪೆಟ್ಟಿಗೆಯಷ್ಟರ ಇಲೆಕ್ಟ್ರಾನಿಕ್ ಉಪಕರಣಗಳು ಬಂದಿವೆ. ಅವು ಮನೆಯ ವಿದ್ಯುತ್ತನ್ನು ಮೊದಲು ಸುಮಾರು 325 ವೋಲ್ಟಿನ ಏಕಮುಖ ವಿದ್ಯುತ್ತಾಗಿ ಮಾರ್ಪಡಿಸಿ, ಬಳಿಕ ಆರು ಟ್ರಾನ್ಸಿಸ್ಟರು ಸ್ವಿಚ್ಚುಗಳಿಂದ ಅದನ್ನು ಸೀಳಿ ಮೂರು ಫೇಸುಗಳನ್ನು ಹೆಣೆಯುತ್ತವೆ. ಆವರ್ತಗಳನ್ನು ಮೆಲ್ಲನೆ ಏರಿಸುವುದರಿಂದ ಹೊರಡುವಾಗಿನ ಪ್ರವಾಹದ ನೆಗೆತ ತಪ್ಪುತ್ತದೆ. ಲೇತಿನ ವೇಗವೂ ಗುಂಡಿ ತಿರುಗಿಸಿದಂತೆ ಬದಲಾಗುತ್ತದೆ. ಒಂದೇ ಯಂತ್ರವಿದ್ದವನಿಗೆ ನಮ್ಮ ಮತದಲ್ಲಿ ಇದೇ ಮೇಲು. ನಾಲ್ಕಾರು ಇದ್ದವನಿಗೆ ಸುತ್ತುವ ಪರಿವರ್ತಕ. ಉಪಕರಣಕ್ಕೂ ಮೋಟಾರಿಗೂ ನಡುವೆ ಬೇರೆ ಸ್ವಿಚ್ಚು ಇರಕೂಡದು. ಅದರೊಳಗಿನ ಕೆಪ್ಯಾಸಿಟರುಗಳು ಸ್ವಿಚ್ಚು ಆರಿಸಿದ ಮೇಲೂ ಕೆಲವು ನಿಮಿಷ ಆ 325 ವೋಲ್ಟನ್ನು ಹಿಡಿದಿಟ್ಟುಕೊಂಡಿರುವುದರಿಂದ, ಅಷ್ಟು ಹೊತ್ತು ಮುಚ್ಚಳಕ್ಕೆ ಕೈಹಾಕಬಾರದು.