ಮುಳ್ಳು ಚುಚ್ಚಿದ ಜಾಗ ಬಿಳಿಕಣಕ್ಕೆ ಹೇಗೆ ತಿಳಿಯುತ್ತದೆ?

ಬರಿಗಾಲಿನಲ್ಲಿ ಓಡುವಾಗ ಜಾಲಿಮುಳ್ಳು ಚುಚ್ಚಿತೆನ್ನಿ. ಮುಳ್ಳು ತೆಗೆದರೂ ಮರುದಿನ ಆ ಜಾಗ ಕೆಂಪಾಗಿ ಊದಿಕೊಂಡಿರುತ್ತದೆ. ಮುಟ್ಟಿದರೆ ಬಿಸಿ, ನೋವು. ಇದೇ ಉರಿಯೂತ. ಆಮೇಲೆ ಕೀವೂ ಕಾಣಿಸಬಹುದು. ಕೀವಿನಲ್ಲಿ ಹೆಚ್ಚಾಗಿರುವುದು ಸತ್ತ ಬಿಳಿ ರಕ್ತಕಣಗಳು. ಕೀವೆಂದರೆ ಅಸಹ್ಯಪಡುತ್ತೇವೆ, ಆದರೆ ಅದು ನಿಮಗಾಗಿ ಹೋರಾಡಿ ಸತ್ತವರ ರಾಶಿ! ರಕ್ತನಾಳದೊಳಗೆ ಹರಿಯುತ್ತಿದ್ದ ಈ ಕಣಗಳು ಸರಿಯಾಗಿ ಅಲ್ಲಿಯೇ ಹೊರಬಂದದ್ದು ಹೇಗೆ?

ಮುಳ್ಳಿನೊಡನೆ ಬ್ಯಾಕ್ಟೀರಿಯಾಗಳೂ ಒಳಹೊಕ್ಕಿರುತ್ತವೆ. ಆಗ ಅಲ್ಲಿನ ಜೀವಕೋಶಗಳು ಕೆಲವು ರಾಸಾಯನಿಕಗಳನ್ನು ಹೊರಬಿಡುತ್ತವೆ. ಹತ್ತಿರದ ಸಣ್ಣ ರಕ್ತನಾಳಗಳು ಹಿಗ್ಗಿ, ಹೆಚ್ಚು ರಕ್ತ ಬರುತ್ತದೆ. ಅವುಗಳ ಒಳಗೋಡೆಯ ಮೇಲೆ ಸೆಲೆಕ್ಟಿನ್ ಎಂಬ ಪ್ರೋಟೀನುಗಳು ಮೂಡುತ್ತವೆ. ಉತ್ತರಾಣಿ ಗಿಡದ ಪಕ್ಕ ಓಡಿದರೆ ಅದರ ಕಾಯಿ ನಿಮ್ಮ ಬಟ್ಟೆಗೆ ಹತ್ತಿಕೊಳ್ಳುವುದಿಲ್ಲವೇ? ಹಾಗೆಯೇ ಇವು ಬಿಳಿಕಣಕ್ಕೆ ತಗಲುತ್ತವೆ, ಬಿಡುತ್ತವೆ, ಮತ್ತೆ ತಗಲುತ್ತವೆ. ವೇಗವಾಗಿ ಸಾಗುತ್ತಿದ್ದ ಬಿಳಿಕಣ ಈಗ ಗೋಡೆಯ ಮೇಲೆ ನಿಧಾನವಾಗಿ ಉರುಳತೊಡಗುತ್ತದೆ. ಕೆಂಪುಕಣಗಳು ಮಾತ್ರ ಮುಂದೆ ಹರಿದುಹೋಗುತ್ತವೆ.

ಉರುಳುವ ಬಿಳಿಕಣಕ್ಕೆ ಗೋಡೆಯ ಮೇಲಿನ ರಾಸಾಯನಿಕಗಳು ತಾಗುತ್ತವೆ. ಕೂಡಲೇ ಅದು ಇಂಟೆಗ್ರಿನ್ ಎಂಬ ತನ್ನದೇ ಪ್ರೋಟೀನಿನಿಂದ ಗೋಡೆಯನ್ನು ಗಟ್ಟಿಯಾಗಿ ಹಿಡಿದು ನಿಲ್ಲುತ್ತದೆ. ಬಳಿಕ ಚಪ್ಪಟೆಯಾಗಿ, ಗೋಡೆಯ ಎರಡು ಕೋಶಗಳ ಸಂದಿಯಲ್ಲಿ ತೂರಿಕೊಂಡು ಕೆಲವೇ ನಿಮಿಷಗಳಲ್ಲಿ ಹೊರಬರುತ್ತದೆ. ನಾಳ ಒಡೆಯುವುದೇ ಇಲ್ಲ! ಆಮೇಲೆ ಬೆಲ್ಲದ ವಾಸನೆ ಹಿಡಿದ ಇರುವೆಯಂತೆ, ರಾಸಾಯನಿಕ ಹೆಚ್ಚಿರುವ ಕಡೆಗೆ ತೆವಳುತ್ತಾ ಹೋಗಿ ಬ್ಯಾಕ್ಟೀರಿಯಾಗಳನ್ನು ನುಂಗುತ್ತದೆ.

ದೇಹದ ಕೋಶಗಳು ಹೀಗೆ ಗಾಯದತ್ತ ಸಾಗುವುದನ್ನು ರಷ್ಯದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಕಂಡರು. ಅವರು ಬಳಸಿದ್ದೂ ಮುಳ್ಳನ್ನೇ! ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಲಾರ್ವಾಕ್ಕೆ ಗುಲಾಬಿ ಮುಳ್ಳು ಚುಚ್ಚಿದರು. ಬೆಳಗಾಗುವಷ್ಟರಲ್ಲಿ ಅಲೆದಾಡುವ ಕೋಶಗಳು ಮುಳ್ಳನ್ನು ಮುತ್ತಿದ್ದವು. 1908ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಬಹಳ ಅಪರೂಪವಾಗಿ, ಇಂಟೆಗ್ರಿನ್ ಸರಿಯಾಗಿಲ್ಲದೆ ಕೆಲವು ಮಕ್ಕಳು ಹುಟ್ಟುತ್ತಾರೆ. ಅವರ ರಕ್ತದಲ್ಲಿ ಬಿಳಿಕಣಗಳು ನಮಗಿಂತಲೂ ಹೆಚ್ಚು. ಆದರೆ ಅವು ನಾಳದಿಂದ ಹೊರಬರಲಾರವು. ಗಾಯವಾದರೆ ಕೀವು ಕಟ್ಟುವುದಿಲ್ಲ, ಗಾಯ ಮಾಯುವುದೂ ಇಲ್ಲ. ಹೊಕ್ಕುಳಬಳ್ಳಿ ಬೀಳುವುದೂ ತಡ. ಸಣ್ಣ ಸೋಂಕೂ ಪ್ರಾಣಕ್ಕೆ ಅಪಾಯ. ಅಂಥ ಮಗುವಿಗೆ ಆರೋಗ್ಯವಂತರೊಬ್ಬರ ಅಸ್ಥಿಮಜ್ಜೆಯನ್ನು ಕಸಿ ಮಾಡುತ್ತಾರೆ. ಅದು ಫಲಿಸಿದರೆ, ಗೋಡೆಯನ್ನು ಹಿಡಿದು ನಿಲ್ಲಬಲ್ಲ ಬಿಳಿಕಣಗಳು ಮಗುವಿನ ದೇಹದಲ್ಲೇ ಹುಟ್ಟತೊಡಗುತ್ತವೆ.