ಎಂಜಿನಿನ ನಡುಕಕ್ಕೆ ರಬ್ಬರಿನ ಮದ್ದು

ಸಿಗ್ನಲಿನ ಬಳಿ ಗಾಡಿ ನಿಂತೊಡನೆ ಅದರ ಮೈಯೆಲ್ಲ ನಡುಗತೊಡಗುವುದು, ಗೇರಿನ ಹಿಡಿಕೆ ಚಳಿಜ್ವರ ಬಂದವರ ಕೈಯಂತೆ ಅದುರುವುದು, ಕನ್ನಡಿಯಲ್ಲಿ ಹಿಂದಿನ ಬಸ್ಸಿನ ಮುಖ ಕಲೆಸಿದಂತೆ ಕಾಣುವುದು - ಇವೆಲ್ಲ ಮುಂಬಯಿ, ಪುಣೆಗಳಲ್ಲಿ ಹಳೆಯ ಕಾರನ್ನು ಕೊಂಡ ನಮ್ಮವರಲ್ಲಿ ಅನೇಕರಿಗೆ ಪರಿಚಿತವಾದ ಅನುಭವಗಳು. ವರ್ಷಗಟ್ಟಲೆ ಕೂಡಿಟ್ಟ ಹಣದಿಂದ, ಹೆಂಡತಿ ಮಕ್ಕಳನ್ನು ವರ್ಷಕ್ಕೊಮ್ಮೆ ಊರಿಗೆ ಕರೆದೊಯ್ಯಬಹುದೆಂಬ ಆಸೆಯಿಂದ ಕೊಂಡ ಗಾಡಿ ಅದು. ಗ್ಯಾರೇಜಿಗೆ ಒಯ್ದರೆ, “ಎಂಜಿನು ಇಳಿಸಿ ನೋಡಬೇಕಾಗುತ್ತದೆ ಸಾಹೇಬರೆ” ಎಂಬ ಮಾತು ಕೇಳಿಬರುತ್ತದೆ. ಗುಮಾಸ್ತನ ತಿಂಗಳ ಲೆಕ್ಕವೆಲ್ಲ ಆ ಒಂದು ಮಾತಿಗೆ ತಲೆಕೆಳಗಾಗುತ್ತದೆ. ಆದರೆ ಇಂಥ ಗಾಡಿಗಳಲ್ಲಿ ಎಷ್ಟೋ ಸಲ ಎಂಜಿನು ಆರೋಗ್ಯವಾಗಿಯೇ ಇರುತ್ತದೆ. ಕೆಟ್ಟಿರುವುದು ಅದನ್ನು ಹೊತ್ತುಕೊಂಡಿರುವ ರಬ್ಬರು.

ಮೋಟಾರಿನ ಎಂಜಿನನ್ನು ಚೌಕಟ್ಟಿಗೆ ನೇರವಾಗಿ ಬಿಗಿದಿರುವುದಿಲ್ಲ. ಗೇರುಪೆಟ್ಟಿಗೆಯೂ ಎಂಜಿನೂ ಸೇರಿದ ಆ ಭಾರವು ಮೂರು ಅಥವಾ ನಾಲ್ಕು ಕಡೆಗಳಲ್ಲಿ ಮಾತ್ರ ಗಾಡಿಯ ಮೈಗೆ ತಾಗಿಕೊಂಡಿರುತ್ತದೆ. ಆ ಪ್ರತಿಯೊಂದು ಎಡೆಯಲ್ಲಿಯೂ ಎರಡು ಲೋಹದ ತುಂಡುಗಳ ನಡುವೆ ದಪ್ಪ ರಬ್ಬರನ್ನು ಬೆಸೆದ ಒಂದು ಭಾಗವಿರುತ್ತದೆ. ಇದಕ್ಕೆ ಗ್ಯಾರೇಜಿನವರು ‘ಮೌಂಟಿಂಗ್’ ಎನ್ನುತ್ತಾರೆ. ‘ಫೌಂಡೇಶನ್’ ಎನ್ನುವವರೂ ಉಂಟು. ಹೋಟೆಲಿನ ಅಡುಗೆಮನೆಯಲ್ಲಿ ದುಡಿದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ದೋಸೆಯ ಹಿಟ್ಟು ರುಬ್ಬುವ ಗ್ರೈಂಡರಿನ ಕಾಲಿನ ರಬ್ಬರು ಸವೆದಾಗ ಏನಾಗುತ್ತದೆ? ಗ್ರೈಂಡರು ಗಡಗಡನೆ ಕುಣಿಯುತ್ತ ನೆಲದ ಮೇಲೆ ಸರಿಯತೊಡಗುತ್ತದೆ, ಪಕ್ಕದ ಪಾತ್ರೆಗಳೆಲ್ಲ ಸದ್ದುಮಾಡುತ್ತವೆ. ಆಗ ಯಾರೂ ಗ್ರೈಂಡರಿನ ಮೋಟಾರನ್ನು ಬಿಚ್ಚಲು ಹೋಗುವುದಿಲ್ಲ. ಬೆರಳಚ್ಚು ಯಂತ್ರಗಳ ಕಾಲದಲ್ಲಿ ಕಚೇರಿಗಳಲ್ಲಿ ಯಂತ್ರದ ಕೆಳಗೆ ದಪ್ಪನೆಯ ಉಣ್ಣೆಯ ಹಾಸನ್ನು ಇಡುತ್ತಿದ್ದುದೂ ಇದೇ ಕಾರಣಕ್ಕಾಗಿ.

ಎಂಜಿನು ನಡುಗುವುದು ಅದರ ಹುಟ್ಟುಗುಣ. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಗಾಡಿಯನ್ನೇ ತೆಗೆದುಕೊಳ್ಳೋಣ. ಅದರ 796 ಸಿ.ಸಿ. ಎಂಜಿನಿಗೆ ಮೂರು ಸಿಲಿಂಡರುಗಳು. ಗಾಡಿ ನಿಂತಿದ್ದು ಎಂಜಿನು ಮಾತ್ರ ನಿಮಿಷಕ್ಕೆ 900 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಂಡರೆ, ಪ್ರತಿ ಸಿಲಿಂಡರಿನಲ್ಲಿ ಎರಡು ಸುತ್ತಿಗೊಮ್ಮೆ ಪೆಟ್ರೋಲು ಸಿಡಿಯುವುದರಿಂದ, ಸೆಕೆಂಡಿಗೆ 22ಕ್ಕೂ ಹೆಚ್ಚು ಸಿಡಿತಗಳಾಗುತ್ತವೆ. ಒಂದೊಂದು ಸಿಡಿತವೂ ಒಂದೊಂದು ತಳ್ಳು. ಇದಲ್ಲದೆ ಮೂರು ಸಿಲಿಂಡರಿನ ಎಂಜಿನು ಒಂದು ತುದಿಯಿಂದ ಇನ್ನೊಂದು ತುದಿಗೆ ತೊಟ್ಟಿಲಿನಂತೆ ತೂಗಾಡುವ ಸ್ವಭಾವದ್ದು. ಇನ್ನು ಕ್ಲಚ್ಚು ಬಿಟ್ಟು ಗಾಡಿ ಮುಂದೆ ಹೊರಟಾಗ ಗಾಲಿಗಳು ಮುಂದಕ್ಕೆ ಉರುಳುತ್ತವಷ್ಟೆ? ಅದಕ್ಕೆ ಪ್ರತಿಯಾಗಿ ಎಂಜಿನು ಹಿಂದಕ್ಕೆ ವಾಲುತ್ತದೆ. ರಿವರ್ಸಿನಲ್ಲಿ ಮುಂದಕ್ಕೆ ವಾಲುತ್ತದೆ. ಈ ತಳ್ಳು, ತೂಗು, ವಾಲುಗಳನ್ನೆಲ್ಲ ತನ್ನಲ್ಲಿಯೇ ನುಂಗಿಕೊಂಡು ಒಳಗೆ ಕುಳಿತವರಿಗೆ ತಿಳಿಯದಂತೆ ಮಾಡುವುದೇ ಆ ರಬ್ಬರಿನ ಕೆಲಸ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಗಳಿಂದ ಕಣ್ಮರೆಯಾದ ಪದ್ಮಿನಿ ಟ್ಯಾಕ್ಸಿಗಳಲ್ಲಿ ಎಂಜಿನು ಉದ್ದುದ್ದವಾಗಿ ಕುಳಿತು ಹಿಂದಿನ ಗಾಲಿಗಳನ್ನು ತಿರುಗಿಸುತ್ತಿದ್ದುದರಿಂದ ಅದು ಎಡಬಲಕ್ಕೆ ವಾಲುತ್ತಿತ್ತು. ಇಂದಿನ ಸಣ್ಣ ಕಾರುಗಳಲ್ಲಿ ಅಡ್ಡಲಾಗಿ ಕುಳಿತಿರುವುದರಿಂದ ಹಿಂದುಮುಂದಾಗಿ ವಾಲುತ್ತದೆ. ಆದುದರಿಂದಲೇ ಮೌಂಟಿಂಗಿನ ಆಕಾರವೂ ಸ್ಥಾನವೂ ಗಾಡಿಯಿಂದ ಗಾಡಿಗೆ ಬೇರೆ.

ಈ ಉಪಾಯವು ಮೋಟಾರಿನಷ್ಟು ಹಳೆಯದಲ್ಲ. 1931ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪೆನಿಯು ತನ್ನ ಪ್ಲಿಮತ್ ಗಾಡಿಯಲ್ಲಿ, ಎಂಜಿನು ತಾನಾಗಿ ಯಾವ ಅಕ್ಷದ ಸುತ್ತ ತೂಗಾಡಬಯಸುವುದೋ ಆ ಅಕ್ಷದ ಮೇಲೆಯೇ ಅದನ್ನು ರಬ್ಬರಿನಲ್ಲಿ ಕೂಡಿಸಿ, ‘ತೇಲುವ ಶಕ್ತಿ’ ಎಂಬರ್ಥದ ಹೆಸರಿನಿಂದ ಪ್ರಚಾರಮಾಡಿತು. ಮರುವರ್ಷವೇ ಫ್ರಾನ್ಸಿನ ಸಿಟ್ರೋಯೆನ್ ಕಂಪೆನಿಯು ಅದರ ಹಕ್ಕನ್ನು ಪಡೆದು, ನೀರಿನ ಮೇಲೆ ತೇಲುವ ಹಂಸದ ಚಿತ್ರವನ್ನು ತನ್ನ ಗಾಡಿಗಳ ಮುಂಭಾಗದಲ್ಲಿ ಅಂಟಿಸಿತು. ನಾಲ್ಕು ಸಿಲಿಂಡರಿನ ಅಗ್ಗದ ಗಾಡಿಗೂ ಸಿರಿವಂತರ ಗಾಡಿಯ ನಯವು ಬಂದದ್ದು ಅಲ್ಲಿಂದ ಮುಂದೆ. ಇಂದು ಎಷ್ಟೋ ಬಗೆಯ ಕೃತಕ ರಬ್ಬರುಗಳಿದ್ದರೂ ಮೌಂಟಿಂಗಿಗೆ ಹೆಚ್ಚಾಗಿ ಬಳಸುವುದು ಮರದಿಂದ ಇಳಿದ ಹಾಲಿನ ರಬ್ಬರನ್ನೇ. ಬಾಗಿ ಬಾಗಿ ದಣಿಯದ ಗುಣ ಅದರಲ್ಲಿ ಹೆಚ್ಚು. ಸುಳ್ಯ, ಪುತ್ತೂರುಗಳ ಕಡೆಯವರಾದ ನಮ್ಮ ಹೋಟೆಲು ಮಿತ್ರರು ಊರಿನ ಗುಡ್ಡಗಳಲ್ಲಿ ಚಿಪ್ಪು ಕಟ್ಟಿದ ಆ ಮರಗಳನ್ನು ಕಂಡೇ ಇರುತ್ತಾರೆ.

ಆದರೆ ರಬ್ಬರಿಗೆ ಶತ್ರುಗಳು ಹಲವು. ಎಂಜಿನಿನ ಕಾವು ಅದನ್ನು ವರ್ಷವರ್ಷಕ್ಕೂ ಗಡುಸುಮಾಡುತ್ತದೆ. ಗಾಳಿಯಲ್ಲಿನ ಓಜೋನು ಬಿರುಕು ಬಿಡಿಸುತ್ತದೆ. ಎಲ್ಲಕ್ಕಿಂತ ಕೆಡುಕು ಎಣ್ಣೆಯದು. ಎಂಜಿನಿನಿಂದ ಸೋರಿದ ಎಣ್ಣೆ ಹರಿದು ಬಂದು ಕುಳಿತರೆ ರಬ್ಬರು ಉಬ್ಬಿ, ಮೆತ್ತಗಾಗಿ, ಲೋಹದಿಂದ ಬಿಟ್ಟುಕೊಳ್ಳುತ್ತದೆ. ಎಣ್ಣೆಯ ಸೋರಿಕೆಯನ್ನು ನಿಲ್ಲಿಸದೆ ಹೊಸ ಮೌಂಟಿಂಗು ಹಾಕಿಸುವುದು ತೂತುಕೊಡಕ್ಕೆ ನೀರು ಹೊಯ್ದಂತೆಯೇ ಸರಿ.

ಇನ್ನು ನಡುಕಕ್ಕೆಲ್ಲ ರಬ್ಬರೇ ಕಾರಣವೆಂದು ತಿಳಿಯಲೂಬಾರದು. ಗಾಡಿ 70, 80 ಕಿಲೋಮೀಟರು ವೇಗ ಹಿಡಿದಾಗ ಮಾತ್ರ ಸ್ಟಿಯರಿಂಗು ನಡುಗಿದರೆ ಗಾಲಿಯ ಸಮತೂಕವನ್ನು ನೋಡಿಸಬೇಕು. ನಡುಕದಲ್ಲಿ ತಾಳವಿಲ್ಲದೆ ನಡುನಡುವೆ ಎಡವಿದಂತಾಗುತ್ತಿದ್ದರೆ, ಗಾಡಿ ಎಳೆಯುವ ಶಕ್ತಿಯೂ ಕುಗ್ಗಿದ್ದರೆ, ಒಂದು ಸಿಲಿಂಡರು ಸರಿಯಾಗಿ ಉರಿಯುತ್ತಿಲ್ಲವೆಂದು ಅರ್ಥ. ಸ್ಪಾರ್ಕ್ ಪ್ಲಗ್ಗನ್ನೂ ಅದರ ಕಾಯಿಲನ್ನೂ ಮೊದಲು ಪರೀಕ್ಷಿಸಬೇಕು. ಮೌಂಟಿಂಗಿನ ಕುರುಹುಗಳು ಬೇರೆ. ನಿಂತಾಗ ಸಮಸಮನಾದ ನಡುಕವಿದ್ದು ಎಕ್ಸಲರೇಟರನ್ನು ತುಸು ಒತ್ತಿದೊಡನೆ ಅದು ಅಡಗುವುದು, ಕ್ಲಚ್ಚು ಬಿಡುವಾಗ ಅಥವಾ ರಿವರ್ಸ್ ಹಾಕಿದಾಗ ಅಡಿಯಲ್ಲಿ ‘ಧಡ್’ ಎಂದು ಒಂದು ಪೆಟ್ಟು ಕೇಳುವುದು, ಎ.ಸಿ. ಹಾಕಿದರೆ ಡ್ಯಾಶ್‌ಬೋರ್ಡು ಗುಂಯ್‌ಗುಡುವುದು.

ಸಂಶಯವಿದ್ದರೆ ಪರೀಕ್ಷೆ ಕಷ್ಟವಲ್ಲ. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಕೈಬ್ರೇಕು ಎಳೆದು, ಗಾಲಿಗಳಿಗೆ ಕಲ್ಲು ಕೊಟ್ಟು, ಬಾನೆಟ್ಟನ್ನು ತೆರೆಯಬೇಕು. ಗಾಡಿ ನಡೆಸಬಲ್ಲ ಒಬ್ಬರು ಒಳಗೆ ಕುಳಿತು ಬ್ರೇಕನ್ನು ಗಟ್ಟಿಯಾಗಿ ಒತ್ತಿಹಿಡಿದು, ಮೊದಲನೆಯ ಗೇರಿನಲ್ಲಿ ಕ್ಲಚ್ಚನ್ನು ಎಳ್ಳಷ್ಟೇ ಬಿಡಬೇಕು. ಬಳಿಕ ರಿವರ್ಸಿನಲ್ಲಿಯೂ ಹಾಗೆಯೇ ಮಾಡಬೇಕು. ನೋಡುವವರು ಪಕ್ಕದಲ್ಲಿ ನಿಲ್ಲಬೇಕೇ ಹೊರತು ಗಾಡಿಯ ಎದುರಿಗೂ ಅಲ್ಲ, ಹಿಂದೆಯೂ ಅಲ್ಲ. ಎಂಜಿನು ತುಸು ಅಲುಗಿ ನಿಂತರೆ ಚಿಂತೆಯಿಲ್ಲ. ಒಂದಂಗುಲಕ್ಕೂ ಮಿಕ್ಕಿ ಹಾರಿಬಿದ್ದಂತೆ ಕಂಡರೆ ಅಪರಾಧಿ ಸಿಕ್ಕಿಬಿದ್ದಂತೆಯೇ. ಎಂಜಿನು ನಿಲ್ಲಿಸಿ ಆರಿದ ಮೇಲೆ ಬ್ಯಾಟರಿ ದೀಪ ಹಿಡಿದು ನೋಡಿದರೆ ರಬ್ಬರಿನಲ್ಲಿ ಬಿರುಕೋ, ಲೋಹದಿಂದ ಬಿಟ್ಟ ಸಂದೋ ಕಣ್ಣಿಗೆ ಬೀಳುತ್ತದೆ. ಕೆಲವು ಗಾಡಿಗಳ ಮೌಂಟಿಂಗಿನೊಳಗೆ ದ್ರವವನ್ನು ತುಂಬಿರುತ್ತಾರೆ. ಅದು ಒಡೆದಿದ್ದರೆ ಕೆಳಗೆ ಕಪ್ಪನೆಯ ಜಿಡ್ಡಿನ ಜಾಡು ಕಾಣಿಸುತ್ತದೆ.

“ನಡುಗಿದರೆ ನಡುಗಲಿ, ಓಡುತ್ತದಲ್ಲ” ಎನ್ನುವವರಿಗೆ ಒಂದು ಸಂಗತಿಯನ್ನು ತಿಳಿಸಬೇಕು. 1971ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯು ತನ್ನ ಸುಮಾರು 67 ಲಕ್ಷ ಷೆವ್ರೊಲೆ ಗಾಡಿಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಬೇಕಾಯಿತು. ಕಾರಣ ಮತ್ತೇನೂ ಅಲ್ಲ, ಇದೇ ರಬ್ಬರು. ಮೌಂಟಿಂಗು ಹರಿದ ಗಾಡಿಗಳಲ್ಲಿ ಎಂಜಿನು ಒಂದು ಮಗ್ಗುಲಿಗೆ ಮೇಲೆದ್ದು, ಎಕ್ಸಲರೇಟರಿನ ಸರಳನ್ನು ತಾನೇ ಎಳೆದುಬಿಡುತ್ತಿತ್ತು. ಚಾಲಕನು ಕಾಲು ತೆಗೆದರೂ ಗಾಡಿ ಮುನ್ನುಗ್ಗುತ್ತಿತ್ತು. ಕಂಪೆನಿಯು ಎಂಜಿನು ಮೇಲೇಳದಂತೆ ಒಂದು ತಂತಿಯ ಹಗ್ಗವನ್ನು ಕಟ್ಟಿಕೊಟ್ಟಿತು. ಇಂದಿನ ಗಾಡಿಗಳ ಏರ್ಪಾಡು ಬೇರೆಯಾಗಿರುವುದರಿಂದ ಅಂಥದೇ ಅನಾಹುತ ಸುಲಭವಾಗಿ ಆಗಲಾರದು. ಆದರೂ ಒಂದು ಮೌಂಟಿಂಗು ಕೈಬಿಟ್ಟರೆ ಅದರ ಭಾರವು ಉಳಿದವುಗಳ ಮೇಲೆ ಬೀಳುತ್ತದೆ. ಕೊಳವೆಗಳು ಉಜ್ಜಿ ಹರಿಯುತ್ತವೆ, ಸೈಲೆನ್ಸರಿನ ಕೊಳವೆ ಬೆಸುಗೆಯಲ್ಲಿ ಬಿರಿಯುತ್ತದೆ, ಮುಂದಿನ ಗಾಲಿಯ ದಂಡಗಳಿಗೂ ಪೆಟ್ಟು ತಾಗುತ್ತದೆ. ಮಕ್ಕಳನ್ನು ಕೂಡಿಸಿಕೊಂಡು ರಾತ್ರಿಯಲ್ಲಿ ಘಟ್ಟ ಇಳಿಯುವವರು ಇದನ್ನು ಅಲಕ್ಷಿಸಬಾರದು.

ಇನ್ನು ಮನೆಯಲ್ಲಿಯೇ ಬದಲಿಸುವ ಬಗೆ. ಬಾನೆಟ್ಟು ತೆರೆದೊಡನೆ ಮೇಲಿನಿಂದಲೇ ಕೈಗೆ ಎಟುಕುವ ಮೌಂಟಿಂಗಾದರೆ, ಸ್ಪ್ಯಾನರು ಹಿಡಿದು ಅಭ್ಯಾಸವಿದ್ದವರಿಗೆ ರವಿವಾರದ ಒಂದು ಬೆಳಗ್ಗೆ ಸಾಕು. ಗಾಡಿಯ ಅಡಿಗೆ ನುಗ್ಗಬೇಕಾದ ಮೌಂಟಿಂಗಾದರೆ, ಹಳ್ಳವಿರುವ ಅಥವಾ ಲಿಫ್ಟಿರುವ ಗ್ಯಾರೇಜಿಗೆ ಕೊಡುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಡಿಕ್ಕಿಯಲ್ಲಿರುವ ಜ್ಯಾಕು ಗಾಲಿ ಬದಲಿಸುವುದಕ್ಕಾಗಿ ಮಾತ್ರ ಮಾಡಿದ್ದು. ಅದರ ಮೇಲೆ ಎತ್ತಿದ ಗಾಡಿಯ ಕೆಳಗೆ ಮಲಗುವುದೆಂದರೆ ಪ್ರಾಣವನ್ನು ಒಂದು ತೆಳ್ಳನೆಯ ತಿರುಪಿಗೆ ನೇತುಹಾಕಿದಂತೆ.

ಎಂಜಿನು ಪೂರ್ತಿ ಆರಿರಬೇಕು. ಕೈಬ್ರೇಕು ಎಳೆದು, ಗಾಲಿಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ಋಣ ತಂತಿಯನ್ನು ಬಿಡಿಸಿಡಬೇಕು. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಬೆಳಗ್ಗೆ ಕೈ ನೋಯುವುದಿಲ್ಲ. ಬಿಚ್ಚುವ ಮೊದಲು ಫೋನಿನಿಂದ ನಾಲ್ಕು ಚಿತ್ರಗಳನ್ನು ತೆಗೆದುಕೊಳ್ಳಬೇಕು. ಯಾವ ಬೋಲ್ಟು ಉದ್ದ, ಯಾವುದು ಗಿಡ್ಡ, ಮೌಂಟಿಂಗಿನ ಬಾಣದ ಗುರುತು ಯಾವ ಕಡೆಗಿತ್ತು ಎಂಬುದು ಒಂದು ಗಂಟೆಯ ಬಳಿಕ ಯಾರಿಗೂ ನೆನಪಿರುವುದಿಲ್ಲ.

ಬೋಲ್ಟಿಗೆ ಕೈಹಾಕುವ ಮುನ್ನ ಎಂಜಿನಿಗೆ ಕೆಳಗಿನಿಂದ ಆಸರೆ ಕೊಡಬೇಕು. ಇಲ್ಲಿಯೇ ಹಲವರು ತಪ್ಪುವುದು. ಇದಕ್ಕೆ ಗಾಲಿಗಳಿರುವ ಗ್ಯಾರೇಜು ಜ್ಯಾಕು ಬೇಕು. ಎಂಜಿನಿನ ಅಡಿಯ ಎಣ್ಣೆಯ ಪಾತ್ರೆ, ಅಂದರೆ ಗ್ಯಾರೇಜಿನವರ ‘ಚೇಂಬರ್’, ತೆಳುವಾದ ತಗಡಿನದು. ಜ್ಯಾಕಿನ ತಲೆಯನ್ನು ನೇರವಾಗಿ ಅದಕ್ಕೆ ಕೊಟ್ಟರೆ ತಗಡು ಒಳಕ್ಕೆ ತಗ್ಗಿ, ನೂರರ ಕೆಲಸಕ್ಕೆ ಸಾವಿರದ ಖರ್ಚು ಬಂದೀತು. ಆದುದರಿಂದ ಜ್ಯಾಕಿಗೂ ಚೇಂಬರಿಗೂ ನಡುವೆ ಅಗಲವಾದ ಗಟ್ಟಿ ಹಲಗೆಯನ್ನಿಟ್ಟು ಭಾರವು ಹರಡಿಕೊಳ್ಳುವಂತೆ ಮಾಡಬೇಕು. ಗೇರುಪೆಟ್ಟಿಗೆಯ ಕಡೆಯ ಮೌಂಟಿಂಗಾದರೆ ಆಸರೆ ಗೇರುಪೆಟ್ಟಿಗೆಯ ಕೆಳಗೆ. ಎಂಜಿನನ್ನು ಎತ್ತಬೇಕಾಗಿಲ್ಲ, ಮೌಂಟಿಂಗಿನ ಮೇಲಿನ ಹೊರೆ ಇಳಿಯುವಷ್ಟು ಒಂದೆರಡು ನೂಲು ಏರಿದರೆ ಸಾಕು. ಏರಿಸುವಾಗ ರೇಡಿಯೇಟರಿನ ಕೊಳವೆ, ತಂತಿಗಳ ಕಡೆ ಕಣ್ಣಿಟ್ಟಿರಬೇಕು.

ಒಂದು ಸಲಕ್ಕೆ ಒಂದೇ ಮೌಂಟಿಂಗು. ಎರಡನ್ನು ಒಟ್ಟಿಗೆ ಬಿಚ್ಚಿದರೆ ಎಂಜಿನು ಜಾರಿ, ಮತ್ತೆ ಬೋಲ್ಟಿನ ರಂಧ್ರಗಳು ಹೊಂದದೆ ಪರದಾಡಬೇಕಾಗುತ್ತದೆ. ಹೊಂದದಿದ್ದಾಗ ರಂಧ್ರದಲ್ಲಿ ಬೆರಳು ಹಾಕಿ ನೋಡುವ ಅಭ್ಯಾಸ ಕೆಲವರಿಗುಂಟು. ಗೇರುಪೆಟ್ಟಿಗೆಯೂ ಸೇರಿದ ಎಂಜಿನು ಒಬ್ಬ ಆಳಿನ ತೂಕಕ್ಕೆ ಕಡಿಮೆಯದಲ್ಲ, ಅದು ಒಂದು ನೂಲು ಜಾರಿದರೂ ಬೆರಳು ಉಳಿಯದು. ಜ್ಯಾಕನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ ಹೊಂದಿಸಬೇಕು. ಹೊಸದನ್ನು ಕೂಡಿಸಿದ ಮೇಲೆ ಬೋಲ್ಟುಗಳನ್ನೆಲ್ಲ ಮೊದಲು ಕೈಯಿಂದಲೇ ನಾಲ್ಕಾರು ಸುತ್ತು ತಿರುಗಿಸಿ, ಅನಂತರ ಜ್ಯಾಕನ್ನು ಇಳಿಸಿ, ಎಂಜಿನಿನ ಭಾರವು ಹೊಸ ರಬ್ಬರಿನ ಮೇಲೆ ತಾನಾಗಿ ಕುಳಿತ ಬಳಿಕವೇ ಕೊನೆಯ ಬಿಗಿತ ಕೊಡಬೇಕು. ಭಾರ ಕೂರುವ ಮೊದಲೇ ಬಿಗಿದರೆ ರಬ್ಬರು ತಿರುಚಿಕೊಂಡೇ ಇದ್ದು, ನಡುಕವೂ ಹೋಗುವುದಿಲ್ಲ, ಅದರ ಬಾಳಿಕೆಯೂ ಕುಗ್ಗುತ್ತದೆ. ಬಿಗಿತದ ಅಳತೆಯು ಗಾಡಿಯ ದುರಸ್ತಿಯ ಪುಸ್ತಕದಲ್ಲಿರುತ್ತದೆ. ಅದನ್ನು ತೋರಿಸುವ ಟಾರ್ಕ್ ಸ್ಪ್ಯಾನರನ್ನು ಪರಿಚಯದ ಗ್ಯಾರೇಜಿನಿಂದ ಒಂದು ಗಂಟೆಯ ಮಟ್ಟಿಗೆ ಕೇಳಿ ತರುವುದರಲ್ಲಿ ನಾಚಿಕೆಯಿಲ್ಲ.

ಕೊಳ್ಳುವ ವಿಷಯದಲ್ಲಿ ಒಂದೆರಡು ಮಾತು. ಚೋರ್ ಬಜಾರಿನಲ್ಲಿ ಹಳೆಯ ಬಾಗಿಲು, ದೀಪಗಳನ್ನು ಕೊಳ್ಳುವುದು ಜಾಣತನವಾಗಬಹುದು. ಹಳೆಯ ಮೌಂಟಿಂಗನ್ನು ಕೊಳ್ಳುವುದು ಮಾತ್ರ ಜಾಣತನವಲ್ಲ. ಬಿಡಿಭಾಗಗಳ ಅಂಗಡಿಯಲ್ಲಿ ಬಹುಕಾಲ ಬಿದ್ದಿದ್ದ ಹೊಸದೂ ಗಡುಸಾಗಿರುತ್ತದೆ; ಉಗುರಿನಿಂದ ಒತ್ತಿದರೆ ಸ್ವಲ್ಪವೂ ತಗ್ಗದ ರಬ್ಬರನ್ನು ಬೇಡವೆನ್ನಬೇಕು. ಪಂದ್ಯದ ಗಾಡಿಗಳಿಗೆಂದು ಬರುವ ಪಾಲಿಯುರಿಥೇನಿನ ಗಟ್ಟಿ ಮೌಂಟಿಂಗುಗಳು ಬಾಳಿಕೆ ಬರುತ್ತವೆಂದು ಅಂಗಡಿಯವರು ಹೊಗಳಬಹುದು. ಅವು ನಡುಕವನ್ನು ತಡೆಯುವ ಬದಲು ಸೀಟಿನವರೆಗೂ ತಂದು ಮುಟ್ಟಿಸುತ್ತವೆ. ಒಂದು ಹರಿದಿದ್ದು ಉಳಿದವುಗಳ ಮೇಲೂ ಬಿರುಕು ಕಂಡರೆ, ಕೈಯಲ್ಲಿ ಹಣವಿದ್ದಾಗ ಅವನ್ನೂ ಬದಲಿಸುವುದು ಲೇಸು.

ಕಟ್ಟಡದ ಅಂಗಳದಲ್ಲಿ ಕೆಲಸಕ್ಕೆ ಕೂರುವ ಮೊದಲು ಸೊಸೈಟಿಯ ಕಾರ್ಯದರ್ಶಿಗಳಿಗೆ ಒಂದು ಮಾತು ಹೇಳಿರಬೇಕು. ನೆಲಕ್ಕೆ ಎಣ್ಣೆ ಬೀಳದಂತೆ ಹಳೆಯ ರಟ್ಟು ಹಾಸಬೇಕು. ಜ್ಯಾಕಿನ ಬಳಿ ಮಕ್ಕಳು ಸುಳಿಯದಂತೆ ನೋಡಿಕೊಳ್ಳಬೇಕು. ಕೆಲಸ ಮುಗಿದ ಮೇಲೆ ಬ್ಯಾಟರಿಯ ತಂತಿ ಕೂಡಿಸಿ, ಎಂಜಿನು ಹೊರಡಿಸಿ, ಮೊದಲಿನ ಪರೀಕ್ಷೆಯನ್ನೇ ಮತ್ತೊಮ್ಮೆ ಮಾಡಿ ನೋಡಬೇಕು. ಒಂದು ವಾರ ಗಾಡಿ ಓಡಿಸಿದ ಬಳಿಕ, ಎಂಜಿನು ತಣ್ಣಗಿರುವಾಗ, ಬೋಲ್ಟುಗಳ ಬಿಗಿತವನ್ನು ಇನ್ನೊಮ್ಮೆ ಅಳೆಯಬೇಕು. ಅಷ್ಟಾದರೂ ನಡುಕ ಉಳಿದಿದ್ದರೆ ಆಗ ಪ್ಲಗ್ಗು, ಕಾಯಿಲುಗಳನ್ನು ತೋರಿಸಲು ಗ್ಯಾರೇಜಿಗೆ ಹೋಗಬಹುದು. ಮೌಂಟಿಂಗು ಹೊಸದೆಂಬುದನ್ನು ಮೊದಲೇ ಹೇಳಿಟ್ಟರೆ ಅವರಿಗೂ ಹುಡುಕಾಟ ತಪ್ಪುತ್ತದೆ.