ಲಿನಕ್ಸ್ ಗಣಕದಲ್ಲಿ ‘ನೆಟ್ ಇಲ್ಲ’: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ಚಿಂಚಲಿ: ವಿದ್ಯಾರ್ಥಿ ವೇತನದ ಅರ್ಜಿ ಸಲ್ಲಿಸಲು ಅಂದೇ ಕೊನೆಯ ದಿನ. ಆದಾಯ ಪ್ರಮಾಣ ಪತ್ರ ಮತ್ತು ಅಂಕಪಟ್ಟಿಯ ಪ್ರತಿಗಳನ್ನು ಹಿಡಿದು, ಹೊಲದ ಕೆಲಸ ಬಿಟ್ಟು ಬಂದ ತಂದೆ ಮತ್ತು ಮಗಳು ಸರತಿಯಲ್ಲಿ ನಿಂತಿದ್ದಾರೆ. ಗಣಕಯಂತ್ರದ ಮುಂದೆ ಕುಳಿತವರಿಂದ ಬರುವ ಉತ್ತರ ಎರಡೇ ಶಬ್ದಗಳದ್ದು: ‘ನೆಟ್ ಇಲ್ಲ’. ರಾಯಬಾಗ ತಾಲೂಕಿನ ಚಿಂಚಲಿಯಂಥ ಪಟ್ಟಣಗಳಲ್ಲಿ ಇಂಥ ದೃಶ್ಯ ಅಪರೂಪವೇನಲ್ಲ. ಪಹಣಿ, ಪಿಂಚಣಿ, ಬೆಳೆ ವಿಮೆ ಎಲ್ಲವೂ ಅಂತರ್ಜಾಲವನ್ನು ಅವಲಂಬಿಸಿರುವಾಗ ಒಂದು ತಾಸಿನ ವ್ಯತ್ಯಯವು ಒಬ್ಬರ ದಿನಗೂಲಿಯನ್ನೂ, ಕೆಲವೊಮ್ಮೆ ಇಡೀ ವರ್ಷದ ನೆರವನ್ನೂ ಕಳೆಯಬಲ್ಲದು.

ಆ ಗಣಕದಲ್ಲಿ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಇದ್ದರೆ ಗೊಂದಲ ಇನ್ನೂ ಹೆಚ್ಚು. ದೂರವಾಣಿ ಮಾಡಿ ಕರೆಸಿದ ದುರಸ್ತಿಗಾರರು ಬಹುತೇಕ ನೀಡುವ ಸಲಹೆ ಒಂದೇ: ‘ಇದನ್ನು ಅಳಿಸಿ ಹೊಸದಾಗಿ ಹಾಕೋಣ’. ಹಾಗೆ ಮಾಡಿದಾಗ ದೋಷ ಉಳಿಯುವುದು, ದಾಖಲೆಗಳು ಮಾತ್ರ ಹೋಗುವುದು ಉಂಟು. ವಾಸ್ತವದಲ್ಲಿ ‘ನೆಟ್ ಇಲ್ಲ’ ಎಂಬುದು ಒಂದು ರೋಗವಲ್ಲ, ಏಳೆಂಟು ಬೇರೆ ಬೇರೆ ರೋಗಗಳ ಒಂದೇ ಲಕ್ಷಣ. ಅವುಗಳಲ್ಲಿ ಯಾವುದು ಎಂದು ತಿಳಿಯುವವರೆಗೆ ಏನನ್ನೂ ಅಳಿಸಬಾರದು, ಏನನ್ನೂ ಕೊಳ್ಳಬಾರದು. ತಂತಿಯಿಂದ ಆರಂಭಿಸಿ ಮೇಲಕ್ಕೆ ಒಂದೊಂದೇ ಮೆಟ್ಟಿಲು ಪರೀಕ್ಷಿಸುತ್ತ ಹೋದರೆ ಹತ್ತು ಹದಿನೈದು ನಿಮಿಷಗಳಲ್ಲಿ ಉತ್ತರ ಸಿಗುವ ಸಂಭವ ಹೆಚ್ಚು.

ಲಿನಕ್ಸ್ ಏಕೆ, ಈಗ ಏಕೆ?

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಶಾಲೆಗಳಿಗೆ ಹೊಸದೇನಲ್ಲ. ನೆರೆಯ ಕೇರಳವು ‘ಐಟಿ ಅಟ್ ಸ್ಕೂಲ್’ ಯೋಜನೆಯ ಮೂಲಕ ಸರಕಾರಿ ಶಾಲೆಗಳ ಗಣಕಗಳನ್ನು ಸ್ವತಂತ್ರ ತಂತ್ರಾಂಶಕ್ಕೆ ಒಯ್ದಿತು. ಆ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸರಕಾರಿ ಸಂಸ್ಥೆಯಾಯಿತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಈ ವ್ಯವಸ್ಥೆಯ ಭಾಗವಾಗಿವೆ. 2018ರಲ್ಲಿ ಆರಂಭವಾದ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಸಂಘಗಳಲ್ಲಿ ಮಕ್ಕಳಿಗೇ ಯಂತ್ರಾಂಶದ ಪರಿಚಯ ಮಾಡಿಸಲಾಗುತ್ತದೆ ಎಂಬುದು ಗಮನಾರ್ಹ. ಕರ್ನಾಟಕದಲ್ಲಿ ಡಿಎಸ್‌ಇಆರ್‌ಟಿ ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ‘ವಿಷಯ ಶಿಕ್ಷಕರ ವೇದಿಕೆ’ ಕಾರ್ಯಕ್ರಮವು ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಲಿನಕ್ಸನ್ನು ಪರಿಚಯಿಸಿತು. ಕೇಂದ್ರದ ಸಿ-ಡ್ಯಾಕ್ ಸಂಸ್ಥೆಯ ‘ಬಾಸ್’ ಲಿನಕ್ಸ್ 2007ರಲ್ಲೇ ಹೊರಬಂದಿದೆ.

ಇದಕ್ಕೆ ಹೊಸ ಕಾರಣವೊಂದು ಸೇರಿದೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಬೇಕಾದ ಸಾಮರ್ಥ್ಯವಿಲ್ಲದ ಹಳೆಯ ಗಣಕಗಳನ್ನು ಉಳಿಸಿಕೊಳ್ಳುವ ಅಗ್ಗದ ದಾರಿಗಳಲ್ಲಿ ಲಿನಕ್ಸ್ ಒಂದು. ಆದರೆ ಹಳೆಯ ಯಂತ್ರವೆಂದರೆ ಹಳೆಯ ತಂತಿ, ಹಳೆಯ ಬ್ಯಾಟರಿ ಎಂಬುದನ್ನೂ ನೆನಪಿಡಬೇಕು.

ಮೊದಲ ಮೆಟ್ಟಿಲು: ದೀಪ ಮತ್ತು ತಂತಿ

ಮೊದಲು ನೋಡಬೇಕಾದುದು ಪರದೆಯನ್ನಲ್ಲ, ಗಣಕದ ಹಿಂಭಾಗವನ್ನು. ಲ್ಯಾನ್ ತಂತಿ ಸೇರುವ ಕಿಂಡಿಯ ಪಕ್ಕದಲ್ಲಿ ಸಣ್ಣ ದೀಪಗಳಿರುತ್ತವೆ. ಅವು ಉರಿಯದಿದ್ದರೆ ತಂತಿ, ಕಿಂಡಿ ಅಥವಾ ಆಚೆ ತುದಿಯ ಸ್ವಿಚ್ಚಿನಲ್ಲಿ ದೋಷವಿದೆ ಎಂದು ತಿಳಿಯಬೇಕು. ಚೆನ್ನಾಗಿ ಕೆಲಸ ಮಾಡುತ್ತಿರುವ ಪಕ್ಕದ ಗಣಕದ ತಂತಿಯನ್ನು ತಂದು ಇಲ್ಲಿ ಜೋಡಿಸಿ ನೋಡುವುದು ಅತ್ಯಂತ ಸುಲಭದ ಪರೀಕ್ಷೆ. ತಾಮ್ರದ ಲ್ಯಾನ್ ತಂತಿಯ ಮಿತಿ 100 ಮೀಟರ್ ಎಂಬುದನ್ನೂ ಮರೆಯಬಾರದು. ಮುಂಗಾರಿಗೆ ಮುನ್ನ ಗುಡುಗು ಸಿಡಿಲಿನ ದಿನಗಳಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎಳೆದ ತಾಮ್ರದ ತಂತಿಯ ಮೂಲಕ ಹೆಚ್ಚುವರಿ ವಿದ್ಯುತ್ ನುಗ್ಗಿ ಕಿಂಡಿ ಸುಟ್ಟುಹೋಗುವುದೂ ಉಂಟು.

ಫೈಬರ್ ಸಂಪರ್ಕವಿದ್ದರೆ ಗೋಡೆಯ ಮೇಲಿನ ಪೆಟ್ಟಿಗೆಯತ್ತ ಕಣ್ಣು ಹಾಯಿಸಿ. ‘ಎಲ್‌ಒಎಸ್’ ಎಂದು ಬರೆದ ಕಡೆ ಕೆಂಪು ದೀಪ ಉರಿಯುತ್ತಿದ್ದರೆ ಬೆಳಕಿನ ಸಂಕೇತವೇ ಬರುತ್ತಿಲ್ಲ ಎಂದರ್ಥ. ಕಂಬದಿಂದ ಕಂಬಕ್ಕೆ ಹಾಯ್ದ ಫೈಬರ್ ಎಳೆ ಎತ್ತರಕ್ಕೆ ಕಬ್ಬು ಹೇರಿದ ಟ್ರ್ಯಾಕ್ಟರಿಗೆ ಸಿಕ್ಕಿ ತುಂಡಾಗಿದ್ದರೆ, ಗಣಕದಲ್ಲಿ ಯಾವ ಆಜ್ಞೆ ಕೊಟ್ಟರೂ ಫಲವಿಲ್ಲ. ಸೇವಾದಾತರಿಗೆ ದೂರು ಕೊಡುವುದೊಂದೇ ಮಾರ್ಗ.

ಎರಡನೆಯ ಮೆಟ್ಟಿಲು: ಲಿನಕ್ಸಿಗೆ ಯಂತ್ರಾಂಶ ಕಾಣುತ್ತಿದೆಯೇ?

ಇಲ್ಲಿಂದ ಮುಂದೆ ‘ಟರ್ಮಿನಲ್’ ಕಿಟಕಿ ತೆರೆಯಬೇಕು. ಆಜ್ಞೆಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಇಲ್ಲಿ ಅಡ್ಡಗೆರೆಯಿಟ್ಟು ಬಿಡಿಸಿ ಬರೆದ ಅಕ್ಷರಗಳನ್ನು ಒಟ್ಟಾಗಿ, ಅಡ್ಡಗೆರೆಯಿಲ್ಲದೆ ಬರೆಯುವುದು.

‘ಎಲ್-ಎಸ್-ಪಿ-ಸಿ-ಐ’ ಎಂಬ ಆಜ್ಞೆ ಗಣಕದೊಳಗಿನ ಕಾರ್ಡುಗಳನ್ನೂ, ‘ಎಲ್-ಎಸ್-ಯು-ಎಸ್-ಬಿ’ ಎಂಬುದು ಹೊರಗಿನಿಂದ ಚುಚ್ಚಿದ ಯುಎಸ್‌ಬಿ ಸಾಧನಗಳನ್ನೂ ತೋರಿಸುತ್ತದೆ. ಜಾಲದ ಕಾರ್ಡು ಎರಡರಲ್ಲೂ ಕಾಣದಿದ್ದರೆ ಅದು ಸಡಿಲವಾಗಿರಬಹುದು, ಬಯಾಸ್‌ನಲ್ಲಿ ನಿಷ್ಕ್ರಿಯವಾಗಿರಬಹುದು ಅಥವಾ ಕೆಟ್ಟಿರಬಹುದು. ಪಟ್ಟಿಯಲ್ಲಿ ಕಂಡರೂ ಕೆಲಸ ಮಾಡದಿದ್ದರೆ ಚಾಲಕ ತಂತ್ರಾಂಶದ ಕೊರತೆ ಇರಬಹುದು. ‘ಸೂಡೊ ಡಿ-ಎಂ-ಇ-ಎಸ್-ಜಿ’ ಎಂದು ಕೊಟ್ಟರೆ ಲಿನಕ್ಸಿನ ತಿರುಳು ಬರೆದಿಟ್ಟ ಟಿಪ್ಪಣಿಗಳು ಕಾಣಿಸುತ್ತವೆ. ಅಲ್ಲಿ ‘ಫರ್ಮ್‌ವೇರ್’ ಸಿಗಲಿಲ್ಲ ಎಂಬ ಸಾಲಿದ್ದರೆ ಕಾರಣ ಗೊತ್ತಾದಂತೆ. ಬ್ರಾಡ್‌ಕಾಮ್ ಹಾಗೂ ರಿಯಲ್‌ಟೆಕ್‌ನ ಕೆಲವು ವೈಫೈ ಸಾಧನಗಳಲ್ಲಿ ಇದು ಹಳೆಯ ತೊಂದರೆ. ಡೆಬಿಯನ್ ಲಿನಕ್ಸ್ 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಇಂಥ ಫರ್ಮ್‌ವೇರನ್ನು ತನ್ನ ಅಧಿಕೃತ ಅನುಸ್ಥಾಪನಾ ಡಿಸ್ಕಿನಲ್ಲೇ ನೀಡುತ್ತಿದೆ.

ಚಾಲಕವನ್ನು ಇಳಿಸಿಕೊಳ್ಳಲು ಜಾಲ ಬೇಕು, ಜಾಲಕ್ಕೆ ಚಾಲಕ ಬೇಕು ಎಂಬ ಇಕ್ಕಟ್ಟಿಗೂ ಪರಿಹಾರವಿದೆ. ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಚಾಲೂ ಮಾಡಿದರೆ ಸಾಮಾನ್ಯವಾಗಿ ಬೇರಾವ ಚಾಲಕವೂ ಬೇಕಾಗುವುದಿಲ್ಲ. ಇನ್ನು ವೈಫೈ ಏಕಾಏಕಿ ಮಾಯವಾದರೆ ‘ಆರ್-ಎಫ್-ಕಿಲ್’ ಆಜ್ಞೆ ಕೊಟ್ಟು ನೋಡಿ. ಲ್ಯಾಪ್‌ಟಾಪಿನ ಗುಂಡಿ ಅರಿವಿಲ್ಲದೆ ಒತ್ತಲ್ಪಟ್ಟು ರೇಡಿಯೊ ಬಂದ್ ಆಗಿದ್ದರೆ ಅದು ತಿಳಿಸುತ್ತದೆ.

ಮೂರನೆಯ ಮೆಟ್ಟಿಲು: ವಿಳಾಸ ಸಿಕ್ಕಿದೆಯೇ?

‘ಐ-ಪಿ ಎ’ ಎಂಬ ಚಿಕ್ಕ ಆಜ್ಞೆ ಗಣಕದ ಜಾಲ ವಿಳಾಸ ತೋರಿಸುತ್ತದೆ. ಹಳೆಯ ಪುಸ್ತಕಗಳಲ್ಲಿರುವ ‘ಐ-ಎಫ್-ಕಾನ್ಫಿಗ್’ ಇಂದಿನ ಅನೇಕ ಲಿನಕ್ಸ್‌ಗಳಲ್ಲಿ ಮೊದಲಿನಿಂದ ಇರುವುದಿಲ್ಲ, ಅದು ಸಿಗದಿದ್ದರೆ ಗಾಬರಿ ಬೇಡ. ‘ನೋ ಕ್ಯಾರಿಯರ್’ ಎಂಬ ಪದ ಕಂಡರೆ ತಂತಿಯ ಮೆಟ್ಟಿಲಿಗೆ ಮರಳಬೇಕು. 192.168 ಎಂದು ಆರಂಭವಾಗುವ ವಿಳಾಸವಿದ್ದರೆ ಬಹುತೇಕ ರೌಟರ್ ವಿಳಾಸ ಕೊಟ್ಟಿದೆ ಎಂದರ್ಥ. ವಿಳಾಸವೇ ಇಲ್ಲದಿದ್ದರೆ ಅಥವಾ 169.254 ಎಂದು ಆರಂಭವಾಗಿದ್ದರೆ ವಿಳಾಸ ಹಂಚುವ ‘ಡಿಎಚ್‌ಸಿಪಿ’ ಸೇವೆಯಿಂದ ಉತ್ತರ ಬಂದಿಲ್ಲ.

ಇದೇ ತೊಂದರೆ ಎಲ್ಲ ಗಣಕಗಳಲ್ಲೂ ಇದ್ದರೆ ರೌಟರನ್ನು ಅರ್ಧ ನಿಮಿಷ ಆರಿಸಿ ಮತ್ತೆ ಹಚ್ಚಬೇಕು. ಒಂದೇ ಗಣಕದಲ್ಲಿದ್ದರೆ ‘ಸೂಡೊ ಸಿಸ್ಟಮ್-ಸಿ-ಟಿ-ಎಲ್ ರೀಸ್ಟಾರ್ಟ್ ನೆಟ್‌ವರ್ಕ್‌ಮ್ಯಾನೇಜರ್’ ಎಂದು ಕೊಡಬಹುದು. ಕೊನೆಯ ಪದ ಒಂದೇ ಪದವಾಗಿದ್ದು, ಅದರಲ್ಲಿ ‘ಎನ್’ ಮತ್ತು ‘ಎಂ’ ಮಾತ್ರ ದೊಡ್ಡಕ್ಷರ. ಪ್ರಯೋಗಾಲಯಗಳಲ್ಲಿ ಕೈಯಿಂದ ವಿಳಾಸ ಬರೆಯುವ ರೂಢಿಯಿದ್ದರೆ ಎರಡು ಗಣಕಗಳಿಗೆ ಒಂದೇ ವಿಳಾಸ ಬಿದ್ದಿರುವ ಸಾಧ್ಯತೆಯನ್ನೂ ಪರಿಶೀಲಿಸಬೇಕು. ಆಗ ಸಂಪರ್ಕ ಒಮ್ಮೆ ಬಂದು ಒಮ್ಮೆ ಹೋಗುತ್ತದೆ.

ನಾಲ್ಕನೆಯ ಮೆಟ್ಟಿಲು: ‘ಪಿಂಗ್’ ಎಂಬ ಕೂಗು

ಅಮೆರಿಕದ ಮೈಕ್ ಮ್ಯೂಸ್ 1983ರಲ್ಲಿ ಬರೆದ ‘ಪಿಂಗ್’ ಇಂದಿಗೂ ಅತ್ಯುಪಯುಕ್ತ ಸಾಧನ. ಜಲಾಂತರ್ಗಾಮಿಯ ಸೋನಾರ್ ಶಬ್ದದಿಂದ ಈ ಹೆಸರು ಬಂದಿದೆ. ಕತ್ತಲಲ್ಲಿ ಕೂಗು ಹಾಕಿ ಮರುದನಿಗೆ ಕಾಯುವಂತೆ ಇದರ ಕೆಲಸ. ಮೂರು ಬಾರಿ, ಮೂರು ದೂರಕ್ಕೆ ಕೂಗಬೇಕು.

ಮೊದಲನೆಯದು ರೌಟರಿಗೆ. ‘ಐ-ಪಿ ರೂಟ್’ ಎಂದು ಕೊಟ್ಟಾಗ ‘ಡಿಫಾಲ್ಟ್ ವಯಾ’ ಪದಗಳ ಮುಂದೆ ಕಾಣುವುದೇ ರೌಟರಿನ ವಿಳಾಸ. ಅದಕ್ಕೆ ಪಿಂಗ್ ಮುಟ್ಟದಿದ್ದರೆ ದೋಷ ಕೋಣೆಯೊಳಗೇ ಇರುವ ಸಂಭವ ಹೆಚ್ಚು. ಎರಡನೆಯದು ಹೊರಗಿನ ಒಂದು ಸಂಖ್ಯೆಗೆ, ಉದಾಹರಣೆಗೆ 2009ರಿಂದ ಗೂಗಲ್ ನಡೆಸುತ್ತಿರುವ 8.8.8.8 ವಿಳಾಸಕ್ಕೆ. ರೌಟರ್ ಉತ್ತರಿಸಿ ಇದು ಉತ್ತರಿಸದಿದ್ದರೆ ದೋಷ ಸೇವಾದಾತರ ಕಡೆಗಿದೆ. ಮೂರನೆಯದು ಯಾವುದಾದರೂ ಜಾಲತಾಣದ ಹೆಸರಿಗೆ. ಸಂಖ್ಯೆಗೆ ಉತ್ತರ ಬಂದು ಹೆಸರು ಪತ್ತೆಯಾಗದಿದ್ದರೆ ಅದು ‘ಡಿಎನ್‌ಎಸ್’ ದೋಷ. ಹೆಸರನ್ನು ಸಂಖ್ಯೆಯಾಗಿ ಹುಡುಕಿಕೊಡುವ ದೂರವಾಣಿ ಪುಸ್ತಕ ಕೈಗೆ ಸಿಗುತ್ತಿಲ್ಲ, ಅಷ್ಟೇ. ಸಂಪರ್ಕದ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ವಿಳಾಸ ಬದಲಿಸಿದರೆ ಬಹುತೇಕ ಸರಿಹೋಗುತ್ತದೆ.

ಎರಡು ಎಚ್ಚರಿಕೆಗಳು. ಲಿನಕ್ಸಿನಲ್ಲಿ ಪಿಂಗ್ ತಾನಾಗಿ ನಿಲ್ಲುವುದಿಲ್ಲ, ಕಂಟ್ರೋಲ್ ಮತ್ತು ‘ಸಿ’ ಕೀಲಿಗಳನ್ನು ಒತ್ತಿ ನಿಲ್ಲಿಸಬೇಕು. ಅಲ್ಲದೆ ಕೆಲವು ಸರ್ವರ್‌ಗಳು ಸುರಕ್ಷತೆಗಾಗಿ ಪಿಂಗ್‌ಗೆ ಉತ್ತರಿಸುವುದೇ ಇಲ್ಲ. ಒಂದು ತಾಣ ಮೌನವಾಗಿದೆ ಎಂದ ಮಾತ್ರಕ್ಕೆ ಅದು ಸತ್ತಿದೆ ಎಂದಲ್ಲ.

ಐದನೆಯ ಮೆಟ್ಟಿಲು: ಗಡಿಯಾರವನ್ನು ನೋಡಿ

ಹೆಚ್ಚಿನವರು ಮರೆಯುವ ಮೆಟ್ಟಿಲು ಇದು. ಎಲ್ಲ ಪಿಂಗ್‌ಗಳೂ ಮುಟ್ಟುತ್ತವೆ, ಆದರೆ ಬ್ರೌಸರ್ ಮಾತ್ರ ‘ಸಂಪರ್ಕ ಸುರಕ್ಷಿತವಲ್ಲ’ ಎಂದು ತಾಣಗಳನ್ನು ತೆರೆಯುವುದಿಲ್ಲ. ಆಗ ಪರದೆಯ ಮೂಲೆಯಲ್ಲಿರುವ ದಿನಾಂಕ ನೋಡಬೇಕು. ಹಳೆಯ ಗಣಕಗಳ ಮದರ್‌ಬೋರ್ಡಿನಲ್ಲಿ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಸತ್ತಿದ್ದರೆ ವಿದ್ಯುತ್ ಹೋಗಿ ಬಂದಾಗ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಜಾಲತಾಣಗಳ ಸುರಕ್ಷತಾ ಪ್ರಮಾಣ ಪತ್ರಗಳಿಗೆ ಆರಂಭ ಮತ್ತು ಮುಕ್ತಾಯದ ದಿನಾಂಕಗಳಿರುವುದರಿಂದ ಬ್ರೌಸರ್ ಅವುಗಳನ್ನು ನಂಬುವುದಿಲ್ಲ. ಸಾಮಾನ್ಯವಾಗಿ ಲಿನಕ್ಸ್ ಜಾಲದಿಂದಲೇ ಸಮಯ ಸರಿಪಡಿಸಿಕೊಳ್ಳುತ್ತದೆ. ಆ ಸೇವೆ ನಿಂತಿದ್ದರೆ ‘ಟೈಮ್-ಡೇಟ್-ಸಿ-ಟಿ-ಎಲ್’ ಆಜ್ಞೆಯಿಂದ ಅದು ತಿಳಿಯುತ್ತದೆ. ಬೇಕಾದದ್ದು ಅಗ್ಗದ ಒಂದು ಬ್ಯಾಟರಿ, ಹೊಸ ಕಾರ್ಯಾಚರಣೆ ವ್ಯವಸ್ಥೆಯಲ್ಲ.

ಆರನೆಯ ಮೆಟ್ಟಿಲು: ಸೇವೆಗಳು

ಜಾಲ ಸರಿಯಿದ್ದು ಮುದ್ರಣ ಅಥವಾ ಕಡತ ಹಂಚಿಕೆ ಮಾತ್ರ ನಿಂತಿದ್ದರೆ ಆಯಾ ಸೇವೆಯನ್ನು ವಿಚಾರಿಸಬೇಕು. ಮುದ್ರಣದ ಹೊಣೆ ‘ಕಪ್ಸ್’ ಎಂಬ ಸೇವೆಯದು. ‘ಸಿಸ್ಟಮ್-ಸಿ-ಟಿ-ಎಲ್ ಸ್ಟೇಟಸ್’ ಎಂಬುದರ ಮುಂದೆ ಸೇವೆಯ ಹೆಸರು ಬರೆದರೆ ಅದು ನಡೆಯುತ್ತಿದೆಯೋ, ಬಿದ್ದಿದೆಯೋ ಎಂಬುದರೊಂದಿಗೆ ಕೊನೆಯ ಕೆಲವು ಸಾಲುಗಳ ದಾಖಲೆಯೂ ಕಾಣುತ್ತದೆ. ಸೇವೆ ನಡೆಯುತ್ತಿದ್ದರೂ ಪಕ್ಕದ ಗಣಕಕ್ಕೆ ಸಿಗದಿದ್ದರೆ ‘ಎಸ್-ಎಸ್’ ಆಜ್ಞೆಯ ಜೊತೆ ಅದು ಯಾವ ವಿಳಾಸದಲ್ಲಿ ಕಿವಿಗೊಟ್ಟಿದೆ ಎಂದು ನೋಡಬೇಕು. 127.0.0.1 ಎಂದರೆ ಅದು ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುತ್ತಿದೆ, ಹೊರಗಿನವರದ್ದನ್ನಲ್ಲ. ಫೈರ್‌ವಾಲ್ ತಡೆದಿರುವ ಸಾಧ್ಯತೆಯೂ ಇದೆ.

ದೋಷ ನಮ್ಮದಲ್ಲದಿದ್ದಾಗ

ಕೆಲವೊಮ್ಮೆ ನಮ್ಮ ಎಲ್ಲ ಮೆಟ್ಟಿಲುಗಳೂ ಗಟ್ಟಿಯಾಗಿರುತ್ತವೆ. 2023ರ ಜೂನ್ 18ರಂದು ಗೃಹಜ್ಯೋತಿ ಯೋಜನೆಯ ನೋಂದಣಿ ಸೇವಾಸಿಂಧುವಿನಲ್ಲಿ ಆರಂಭವಾದಾಗ ರಾಜ್ಯದಾದ್ಯಂತ ಸರ್ವರ್ ಸಮಸ್ಯೆ ಕಾಣಿಸಿಕೊಂಡದ್ದು ಓದುಗರಿಗೆ ನೆನಪಿರಬಹುದು. ಅಂದು ಹಳ್ಳಿಯ ಗಣಕವನ್ನು ಬಿಚ್ಚಿ ಕುಳಿತಿದ್ದರೆ ಪ್ರಯೋಜನವಿರಲಿಲ್ಲ. ಹಾಗೆಯೇ ಭಾರತ ಹುಣ್ಣಿಮೆಯ ಮಾಯಕ್ಕ ದೇವಿಯ ಜಾತ್ರೆಗೆ ಕರ್ನಾಟಕ ಮತ್ತು ಮಹಾರಾಷ್ಟ್ರದಿಂದ ಭಕ್ತರು ಚಿಂಚಲಿಗೆ ಹರಿದು ಬರುವಾಗ ಒಂದೇ ಗೋಪುರಕ್ಕೆ ಅಸಂಖ್ಯ ಮೊಬೈಲುಗಳು ಜೋತುಬಿದ್ದರೆ ಹಾಟ್‌ಸ್ಪಾಟ್ ನಿಧಾನವಾಗುವುದು ಸಹಜ. ಬೇರೆ ತಾಣಗಳು ತೆರೆಯುತ್ತಿದ್ದು ಒಂದೇ ತಾಣ ತೆರೆಯದಿದ್ದರೆ ತಪ್ಪು ಹೆಚ್ಚಾಗಿ ಆ ತುದಿಯದು.

ಅಳಿಸುವ ಮುನ್ನ ಒಂದು ಪರೀಕ್ಷೆ

ಇಷ್ಟಾಗಿಯೂ ಉತ್ತರ ಸಿಗದಿದ್ದರೆ ಪೆನ್‌ಡ್ರೈವಿನಿಂದ ‘ಲೈವ್’ ಲಿನಕ್ಸ್ ನಡೆಸಿ ನೋಡಬಹುದು. ಇದು ಹಾರ್ಡ್ ಡಿಸ್ಕನ್ನು ಮುಟ್ಟದೆ ಕೆಲಸ ಮಾಡುತ್ತದೆ. ಅದರಲ್ಲಿ ಜಾಲ ಸಿಕ್ಕರೆ ಯಂತ್ರಾಂಶ ಗಟ್ಟಿಯಾಗಿದೆ, ದೋಷ ಹಳೆಯ ವ್ಯವಸ್ಥೆಯ ಸೆಟ್ಟಿಂಗಿನಲ್ಲಿದೆ. ಅದರಲ್ಲಿಯೂ ಸಿಗದಿದ್ದರೆ ಅಳಿಸಿ ಹೊಸದಾಗಿ ಹಾಕುವುದರಿಂದ ಲಾಭವಾಗುವ ಸಂಭವ ಕಡಿಮೆ.

ಒಂದು ಬಾರಿಗೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಬರೆದಿಡಬೇಕು. ರೌಟರಿನ ವಿಳಾಸ, ಯಾವ ತಂತಿ ಯಾವ ಗಣಕಕ್ಕೆ, ಸೇವಾದಾತರ ದೂರು ಸಂಖ್ಯೆ, ಕಳೆದ ಬಾರಿ ಏನಾಗಿತ್ತು ಎಂಬ ನಾಲ್ಕು ಪುಟಗಳ ವಹಿ ಪ್ರತಿ ಪ್ರಯೋಗಾಲಯದಲ್ಲೂ, ಪ್ರತಿ ಸೇವಾ ಕೇಂದ್ರದಲ್ಲೂ ಇರಬೇಕು.

ಈ ಕ್ರಮದಿಂದ ಪ್ರತಿ ಬಾರಿಯೂ ಸಂಪರ್ಕ ಮರಳುತ್ತದೆ ಎಂದಲ್ಲ. ಆದರೆ ಸರತಿಯಲ್ಲಿ ನಿಂತ ತಂದೆ ಮತ್ತು ಮಗಳಿಗೆ ‘ನೆಟ್ ಇಲ್ಲ’ ಎನ್ನುವ ಬದಲು ‘ಹತ್ತು ನಿಮಿಷ ಕೂಡ್ರಿ, ರೌಟರ್ ಸರಿಯಾಗುತ್ತದೆ’ ಎಂದೋ, ‘ಹೊರಗಿನ ತಂತಿ ಹರಿದಿದೆ, ಇಂದೇ ರಾಯಬಾಗಕ್ಕೆ ಹೋಗಿ ತುಂಬಿಸಿ’ ಎಂದೋ ಖಚಿತವಾಗಿ ಹೇಳಬಹುದು. ಕೊನೆಯ ದಿನದಂದು ಆ ಖಚಿತ ಮಾತೇ ಒಂದು ಅರ್ಜಿಯನ್ನು ಉಳಿಸೀತು.